97 ಪರ್ಸೆಂಟ್ ಮೂಗು ಮೀನಿನಂಗಡಿಯಲ್ಲಿ ಯಾಕೆ ಸೋತಿತು?

ಪ್ರಶ್ನೆ: ಉಡುಪಿಯಲ್ಲಿ ನಮ್ಮದೊಂದು ಹಸಿಮೀನಿನ ಅಂಗಡಿ ಇದೆ, ಮಾಲು ಮಲ್ಪೆಯಿಂದ ಬರುತ್ತದೆ. ಅಣ್ಣನ ಮಗ ಇಂಜಿನಿಯರಿಂಗ್ ಕೊನೆ ವರ್ಷದ ಪ್ರಾಜೆಕ್ಟಿಗೆ ಎಲೆಕ್ಟ್ರಾನಿಕ್ ಮೂಗು ಮಾಡಿದ್ದಾನೆ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಐದು ಎಂಕ್ಯೂ ಗ್ಯಾಸ್ ಸೆನ್ಸರ್, ಅವನ್ನು ಓದುವ ಆರ್ಡುಯಿನೋ ಅನ್ನುವ ಪುಟ್ಟ ಬೋರ್ಡ್, ಲ್ಯಾಪ್‌ಟಾಪಿನಲ್ಲಿ ಮಷೀನ್ ಲರ್ನಿಂಗ್. ಬಂಗುಡೆ ಇಟ್ಟರೆ ತಾಜಾ, ಸಾಧಾರಣ, ಹಾಳು ಅಂತ ಹೇಳುತ್ತದೆ. ಕಾಲೇಜಿನಲ್ಲಿ 97 ಪರ್ಸೆಂಟ್ ಸರಿ ಬಂತಂತೆ. ಅಂಗಡಿಗೆ ತಂದರೆ ಆಗಷ್ಟೇ ಬಂದ ಮೀನನ್ನೂ ಹಾಳು ಅಂದಿತು! ಒಳ್ಳೆ ಸೆನ್ಸರ್ ಹಾಕಿದರೆ ಸರಿಯಾಗುತ್ತದೆ, ಮಾರಾಟಕ್ಕೇ ಬಿಡಬಹುದು, ಸ್ವಲ್ಪ ದುಡ್ಡು ಹಾಕಿ ಅನ್ನುತ್ತಾನೆ. ಹಾಕಬಹುದಾ? ಫಾರ್ಮಲಿನ್ ಹಾಕಿದ ಮೀನನ್ನೂ ಇದು ಹಿಡಿಯುತ್ತದಾ?

ಉತ್ತರ: ದುಡ್ಡಿನ ವಿಷಯ ಮೊದಲು ಹೇಳಿಬಿಡುತ್ತೇನೆ. ಈಗ ಹಾಕಬೇಡಿ. ಹುಡುಗ ಮಾಡಿದ್ದು ಕೆಟ್ಟ ಕೆಲಸ ಅಂತಲ್ಲ, ಪ್ರಾಜೆಕ್ಟಿನ ಮಟ್ಟಿಗೆ ಚೆನ್ನಾಗಿಯೇ ಇದೆ. ಆದರೆ ಆ 97 ಪರ್ಸೆಂಟ್ ಮೀನಿನಿಂದ ಬಂದದ್ದು ಅಂತ ನನಗೆ ಅನ್ನಿಸುತ್ತಿಲ್ಲ. ಯಾವ ದಿನ ಅಳೆದರು, ಅವತ್ತು ಹವೆ ಹೇಗಿತ್ತು, ಸೆನ್ಸರ್ ಎಷ್ಟು ಹೊತ್ತು ಕಾದಿತ್ತು, ಇದನ್ನೆಲ್ಲ ಮಾಡೆಲ್ (ಅಳತೆಗಳಿಂದ ಕಲಿಯುವ ಆ ಪ್ರೋಗ್ರಾಂ) ಕಲಿತುಕೊಂಡಿರುವ ಹಾಗೆ ಕಾಣುತ್ತದೆ. ಅಂಗಡಿಯಲ್ಲಿ ಆ ದಿನವೂ ಇಲ್ಲ, ಆ ಹವೆಯೂ ಇಲ್ಲ. ಹಾಗಾಗಿ ಕೈಕೊಟ್ಟಿತು. ಮಂಗಳೂರಿನಲ್ಲಿ ಇದೇ ಗ್ಯಾಸ್ ಸೆನ್ಸರ್‌ಗಳ ಜೊತೆ ದಿನಾ ಕೆಲಸ ಮಾಡುವವನು ನಾನು, ಈ ಕಾಯಿಲೆ ನಮ್ಮಲ್ಲಿ ತುಂಬಾ ಸಾಮಾನ್ಯ.

ಎಂಕ್ಯೂ ಸೆನ್ಸರ್ ಒಳಗೆ ಇರುವುದು ತವರದ ಆಕ್ಸೈಡ್. ಸಣ್ಣದೊಂದು ಹೀಟರ್ ಅದನ್ನು ಕೆಲವು ನೂರು ಡಿಗ್ರಿವರೆಗೆ ಕಾಯಿಸುತ್ತದೆ. ಬಿಸಿಯಾದಾಗ ಗಾಳಿಯ ಆಮ್ಲಜನಕ ಅದರ ಮೈಮೇಲೆ ಕೂತು ಎಲೆಕ್ಟ್ರಾನ್‌ಗಳನ್ನು ಹಿಡಿದಿಟ್ಟುಕೊಳ್ಳುತ್ತದೆ, ಕರೆಂಟ್ ಹರಿಯುವುದು ಕಷ್ಟವಾಗುತ್ತದೆ. ಅಲ್ಲಿಗೆ ಆಲ್ಕೋಹಾಲ್, ಅಮೋನಿಯಾ, ಎಲ್‌ಪಿಜಿ ಇಂಥದ್ದು ಯಾವುದಾದರೂ ಬಂದರೆ ಆ ಆಮ್ಲಜನಕದ ಜೊತೆ ಸೇರಿ ಉರಿದುಹೋಗುತ್ತದೆ. ಎಲೆಕ್ಟ್ರಾನ್ ವಾಪಸ್ ಸಿಗುತ್ತದೆ, ರೆಸಿಸ್ಟೆನ್ಸ್ ಇಳಿಯುತ್ತದೆ. ಅಷ್ಟೇ ಅದಕ್ಕೆ ಗೊತ್ತಿರುವುದು. ಯಾವ ಗ್ಯಾಸ್ ಬಂತು ಅಂತ ಅದಕ್ಕೆ ಗೊತ್ತಿಲ್ಲ. ಎಂಕ್ಯೂ-3 ಆಲ್ಕೋಹಾಲಿಗೆ, ಎಂಕ್ಯೂ-135 ಅಮೋನಿಯಾಕ್ಕೆ ಅಂತ ಅಂಗಡಿಯವರು ಹೇಳುತ್ತಾರಲ್ವಾ, ಆ ಗ್ಯಾಸಿಗೆ ಸ್ವಲ್ಪ ಜಾಸ್ತಿ ಸ್ಪಂದಿಸುತ್ತದೆ ಅಂತ ಮಾತ್ರ ಅದರ ಅರ್ಥ. ಉಳಿದದ್ದಕ್ಕೂ ಸ್ಪಂದಿಸುತ್ತದೆ. ನೀವು ಬೆಳಿಗ್ಗೆ ಅಂಗಡಿ ತೆರೆದು ದೇವರ ಫೋಟೋಕ್ಕೆ ಹಚ್ಚುವ ಅಗರಬತ್ತಿಗೂ, ನೆಲಕ್ಕೆ ಹಾಕುವ ಫಿನಾಯಿಲಿಗೂ, ಎದುರು ನಿಂತು ಹೊಗೆ ಬಿಡುವ ಟೆಂಪೋಗೂ.

ಈ ದಡ್ಡತನವನ್ನೇ ಉಪಾಯ ಮಾಡಿಕೊಂಡದ್ದು ಎಲೆಕ್ಟ್ರಾನಿಕ್ ಮೂಗು. 1982ರಲ್ಲಿ ಇಂಗ್ಲೆಂಡಿನ ವಾರ್ವಿಕ್ ವಿಶ್ವವಿದ್ಯಾಲಯದ ಪರ್ಸಾಡ್ ಮತ್ತು ಡಾಡ್ ನೇಚರ್ ಪತ್ರಿಕೆಯಲ್ಲಿ ಇದನ್ನು ತೋರಿಸಿದರು. ಒಂದೊಂದು ಸೆನ್ಸರ್ ಬೇರೆ ಬೇರೆ ಪ್ರಮಾಣದಲ್ಲಿ ಸ್ಪಂದಿಸುತ್ತದೆ, ನಾಲ್ಕಾರು ಸೆನ್ಸರ್ ಒಟ್ಟಿಗೆ ಇಟ್ಟರೆ ಆ ಎಲ್ಲ ಉತ್ತರಗಳ ನಮೂನೆ ನೋಡಿ ವಾಸನೆ ಯಾವುದು ಅಂತ ಗುರುತಿಸಬಹುದು. ನಮ್ಮ ಮೂಗೂ ಹೆಚ್ಚುಕಮ್ಮಿ ಹೀಗೆಯೇ. ಆದರೆ ಅದರಲ್ಲಿ ಸುಮಾರು 400 ಬಗೆಯ ರಿಸೆಪ್ಟರ್ ಇವೆ, ನಿಮ್ಮ ಡಬ್ಬಿಯಲ್ಲಿ ಐದು.

ಈಗ ಡಬ್ಬಿಗೆ ಬರೋಣ. ನೀವು ಹೇಳಿದ ವಿವರದಲ್ಲೇ ಕೆಲವು ಅನುಮಾನ ಎದ್ದಿವೆ.

ಒಂದು ಎಂಕ್ಯೂ ಹೀಟರಿನ ರೆಸಿಸ್ಟೆನ್ಸ್ ಸುಮಾರು 33 ಓಮ್. 5 ವೋಲ್ಟ್ ಕೊಟ್ಟರೆ 150 ಮಿಲಿಆಂಪ್ ಎಳೆಯುತ್ತದೆ. ಐದು ಸೇರಿದರೆ 750. ಲ್ಯಾಪ್‌ಟಾಪಿನ ಮಾಮೂಲಿ ಯುಎಸ್‌ಬಿ ಲೆಕ್ಕದಲ್ಲಿ ಕೊಡುವುದು 500. ಹುಡುಗ ಆರ್ಡುಯಿನೋದ 5 ವೋಲ್ಟ್ ಪಿನ್ನಿನಿಂದಲೇ ಐದಕ್ಕೂ ವೈರ್ ಎಳೆದಿದ್ದರೆ ವೋಲ್ಟೇಜ್ ಕುಸಿಯುತ್ತದೆ, ಹೀಟರ್ ಪೂರ್ತಿ ಕಾಯುವುದಿಲ್ಲ. ಹೀಟರ್ ತಣ್ಣಗಾದರೆ ಅದು ಬೇರೆಯೇ ಸೆನ್ಸರ್ ಅಂತ ಲೆಕ್ಕ. ಕಾಲೇಜಿನಲ್ಲಿ ಲ್ಯಾಪ್‌ಟಾಪ್, ಅಂಗಡಿಯಲ್ಲಿ ಮೊಬೈಲ್ ಚಾರ್ಜರ್ ಅಂತ ಬದಲಿಸಿದ್ದರಂತೂ ಮಾಡೆಲ್ ತಲೆಕೆಳಗಾಗಲು ಅಷ್ಟೇ ಸಾಕು. ಹೀಟರಿಗೆ ಪ್ರತ್ಯೇಕ ಸಪ್ಲೈ ಹಾಕಿಸಿ, 2 ಆಂಪಿನದ್ದು.

ಎಂಕ್ಯೂ ಸೆನ್ಸರ್ ಕೂರಿಸಿರುವ ನೀಲಿ ಬೋರ್ಡನ್ನು ತಿರುಗಿಸಿ ನೋಡಲೂ ಹೇಳಿ, ರೀಡಿಂಗ್ ಬರುವುದು ಅಲ್ಲಿರುವ ಲೋಡ್ ರೆಸಿಸ್ಟರ್ ಮೂಲಕ. 102 ಅಂತ ಬರೆದ ಪುಟ್ಟ ರೆಸಿಸ್ಟರ್ ಇದ್ದರೆ ಅದು 1 ಕಿಲೋಓಮ್. ಎಂಕ್ಯೂ-135ಕ್ಕೆ ಡೇಟಾಶೀಟ್, ಅಂದರೆ ತಯಾರಕರ ವಿವರಪತ್ರ, ಹೇಳುವುದು 20 ಕಿಲೋಓಮ್ ಆಸುಪಾಸು. ಅಗ್ಗದ ಬೋರ್ಡುಗಳಲ್ಲಿ ಇದು ಮಾಮೂಲಿ ಗೋಳು. ಸಣ್ಣ ವಾಸನೆಗೆ ಆಗುವ ಬದಲಾವಣೆ ಆ 1 ಕಿಲೋಓಮಿನಲ್ಲಿ ಕಾಣುವುದೇ ಇಲ್ಲ.

ಡಬ್ಬಿಯ ಬಾಯಿಯನ್ನು ಯಾವುದರಿಂದ ಮುಚ್ಚಿದ್ದಾನೆ ಅಂತ ಕೇಳಿ. ಬಾತ್‌ರೂಮಿಗೆ ಹಚ್ಚುವ ಸಿಲಿಕೋನ್ ಅಂದರೆ ಅದೊಂದು ದೊಡ್ಡ ತೊಂದರೆ. ಸಿಲಿಕೋನಿನ ಆವಿ ಬಿಸಿ ತವರದ ಆಕ್ಸೈಡಿನ ಮೇಲೆ ಗಾಜಿನಂಥ ಪದರ ಕಟ್ಟುತ್ತದೆ, ಸೆನ್ಸರ್ ನಿಧಾನಕ್ಕೆ ಸಾಯುತ್ತದೆ, ಮತ್ತೆ ಬದುಕುವುದಿಲ್ಲ. ಉಪ್ಪುನೀರಿನ ಸಿಂಚನವೂ ಸೆನ್ಸರಿಗೆ ಆಗದು ಅಂತ ಡೇಟಾಶೀಟಿನಲ್ಲೇ ಬರೆದಿದೆ, ಅದನ್ನು ಮಲ್ಪೆ ದಕ್ಕೆಯಲ್ಲಿ ನಿಂತು ಓದಿದರೆ ನಗು ಬರುತ್ತದೆ. ಇನ್ನು ಪ್ಲಾಸ್ಟಿಕ್ ಡಬ್ಬಿ. ನಿನ್ನೆಯ ಹಾಳು ಬಂಗುಡೆಯ ವಾಸನೆ ಅದರ ಗೋಡೆಯಲ್ಲಿ ಕೂತಿರುತ್ತದೆ, ಇವತ್ತು ಖಾಲಿ ಇಟ್ಟರೂ ಬಿಡುತ್ತಿರುತ್ತದೆ. ಗಾಜಿನ ಭರಣಿ ಅಥವಾ ಸ್ಟೀಲಿನದ್ದು ಆಗಬಹುದು.

ಇವೆಲ್ಲ ಸರಿಮಾಡಬಹುದಾದ ಸಂಗತಿಗಳು. ಹಠ ಹಿಡಿಯುವುದು ತೇವಾಂಶ. ಎಂಕ್ಯೂ-135ರ ಗ್ರಾಫು ಮಾಡಿದ್ದು 20 ಡಿಗ್ರಿ, 65 ಪರ್ಸೆಂಟ್ ತೇವಾಂಶದಲ್ಲಿ. ಉಡುಪಿಯಲ್ಲಿ 20 ಡಿಗ್ರಿ ಯಾವಾಗ ಸಿಗುತ್ತದೆ ಹೇಳಿ! ಮಳೆಗಾಲದಲ್ಲಿ ತೇವಾಂಶ 90 ದಾಟಿಯೇ ಕೂತಿರುತ್ತದೆ. ನೀರಿನ ಆವಿಯೂ ಸೆನ್ಸರಿನ ಮೈಮೇಲೆ ಕೂತು ರೆಸಿಸ್ಟೆನ್ಸ್ ಇಳಿಸುತ್ತದೆ, ಅಂದರೆ ಹಾಳು ಮೀನು ಮಾಡುವ ಕೆಲಸವನ್ನೇ ಮಾಡುತ್ತದೆ. ಕಾಲೇಜಿನ ಲ್ಯಾಬ್ ಏಸಿಯಲ್ಲಿ ಒಣಗಿರುತ್ತದೆ. ನಿಮ್ಮ ಅಂಗಡಿಯಲ್ಲಿ ಐಸ್ ಕರಗಿ ನೆಲ ಒದ್ದೆ, ಮೀನಿನ ಮೇಲೆ ನೀರು, ಸುತ್ತ ಉಪ್ಪುಗಾಳಿ. ತಾಜಾ ಮೀನನ್ನು ಹಾಳು ಅಂದದ್ದಕ್ಕೆ ನನ್ನ ಮೊದಲ ಅನುಮಾನ ಇದರ ಮೇಲೆಯೇ. ಪರೀಕ್ಷೆ ಸುಲಭ: ಮೀನು ಬೇಡ, ಭರಣಿಯೊಳಗೆ ಒದ್ದೆ ಬಟ್ಟೆ ಇಟ್ಟು ನೋಡಿ. ಅದನ್ನೂ ಹಾಳು ಅಂದರೆ ವಿಷಯ ಮುಗಿಯಿತು.

ಇನ್ನು 97ರ ಕಥೆ. ಇದನ್ನು ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ, ಹುಡುಗನೂ ಓದಲಿ.

ಸಾಮಾನ್ಯವಾಗಿ ಮಾಡುವುದು ಹೀಗೆ. ಹತ್ತೋ ಹದಿನೈದೋ ಬಂಗುಡೆ ತರುತ್ತಾರೆ. ಪ್ರತಿ ಮೀನನ್ನು ಡಬ್ಬಿಯಲ್ಲಿಟ್ಟು ಸೆಕೆಂಡಿಗೊಂದರಂತೆ ಕೆಲವು ನಿಮಿಷ ರೀಡಿಂಗ್ ತೆಗೆಯುತ್ತಾರೆ. ಎಕ್ಸೆಲ್‌ನಲ್ಲಿ ಸಾವಿರಾರು ಸಾಲು ಆಗುತ್ತದೆ, ನೋಡಲು ಭರ್ಜರಿ. ಆ ಸಾಲುಗಳನ್ನು ಕಲಸಿ 80 ಪರ್ಸೆಂಟ್ ಕಲಿಯಲು, 20 ಪರ್ಸೆಂಟ್ ಪರೀಕ್ಷೆಗೆ ಅಂತ ಹರಿಯುತ್ತಾರೆ. ಏನಾಯಿತು? ಒಂದೇ ಮೀನಿನ 41ನೇ ಸೆಕೆಂಡ್ ಕಲಿಕೆಗೆ, 42ನೇ ಸೆಕೆಂಡ್ ಪರೀಕ್ಷೆಗೆ. ಮನೆಪಾಠದಲ್ಲಿ ಬರೆಸಿದ ಲೆಕ್ಕವನ್ನೇ ಪರೀಕ್ಷೆಯಲ್ಲಿ ಕೊಟ್ಟ ಹಾಗೆ, ಮಾರ್ಕು ಬರದೇ ಇರುತ್ತದಾ? ಇಲ್ಲಿ ನಿಜವಾದ ಲೆಕ್ಕ ಸಾಲುಗಳದ್ದಲ್ಲ, ಮೀನುಗಳದ್ದು. ಹದಿನೈದು ಮೀನು ಅಂದರೆ ಹದಿನೈದೇ ಮಾದರಿ. ಒಂದು ಮೀನನ್ನು, ಇನ್ನೂ ಒಳ್ಳೆಯದು ಅಂದರೆ ಇಡೀ ಒಂದು ದಿನದ ಎಲ್ಲ ಮೀನನ್ನು, ಮಾಡೆಲ್‌ಗೆ ತೋರಿಸದೆ ಹೊರಗಿಟ್ಟು ಕೊನೆಗೆ ಅದರ ಮೇಲೆ ಪರೀಕ್ಷೆ ಮಾಡಬೇಕು. ಸೈಕಿಟ್-ಲರ್ನ್ ಅನ್ನುವ ಮಷೀನ್ ಲರ್ನಿಂಗ್ ಸಾಫ್ಟ್‌ವೇರ್ ಬಳಸುವವನಾದರೆ ಹೀಗೆ ಗುಂಪು ಹೊರಗಿಡಲು ಗ್ರೂಪ್‌ಕೆಫೋಲ್ಡ್ ಅಂತ ಸಿದ್ಧವಾಗಿಯೇ ಇದೆ, ಒಂದು ಸಾಲಿನ ಬದಲಾವಣೆ. ಮಾಡಿ ನೋಡಲಿ. 97 ಹೋಗಿ 60ಕ್ಕೆ ಬಂದರೂ ಆಶ್ಚರ್ಯ ಬೇಡ.

ಎರಡನೆಯದು ಇದಕ್ಕಿಂತ ನಾಜೂಕು. ಸೋಮವಾರ ತಂದ ಮೀನು ತಾಜಾ, ಅದೇ ಮೀನು ಮಂಗಳವಾರ ಸಾಧಾರಣ, ಬುಧವಾರ ಹಾಳು, ಅಲ್ವಾ? ಹಾಗಾದರೆ ತಾಜಾ ರೀಡಿಂಗ್ ಎಲ್ಲ ಸೋಮವಾರದ್ದು, ಹಾಳು ಎಲ್ಲ ಬುಧವಾರದ್ದು. ಸೋಮವಾರ ಸೆನ್ಸರ್ ಹೊಸದಾಗಿ ಆನ್ ಮಾಡಿದ್ದು, ಬುಧವಾರಕ್ಕೆ ಎರಡು ದಿನ ಕಾದು ನೆಲೆ ನಿಂತದ್ದು. ಅಳೆಯುವ ಮೊದಲು 24 ಗಂಟೆಗಿಂತ ಜಾಸ್ತಿ ಕಾಯಿಸಿ ಅಂತ ಡೇಟಾಶೀಟ್ ಹೇಳುತ್ತದೆ, ಯಾರೂ ಅದನ್ನು ಓದುವುದಿಲ್ಲ. ನಡುವೆ ಮಂಗಳವಾರ ಒಂದು ಮಳೆ ಬಂದಿದ್ದರೆ ಇನ್ನೂ ಚಂದ! ಮೀನಿನ ವಾಸನೆ ಒಂದಿಷ್ಟೂ ಇಲ್ಲದೆ ಬರೀ ದಿನ ಗುರುತಿಸಿಯೇ ಮಾಡೆಲ್ ಪೂರ್ತಿ ಮಾರ್ಕು ತೆಗೆಯಬಹುದು.

ಇದು ಕಾಲೇಜು ಹುಡುಗರಿಗೆ ಮಾತ್ರ ಆಗುವುದು ಅಂದುಕೊಳ್ಳಬೇಡಿ. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಗಾಳಿ ಸುರಂಗದೊಳಗೆ 72 ಸೆನ್ಸರ್ ಇಟ್ಟು ಹತ್ತು ಬಗೆಯ ಗ್ಯಾಸ್ ಅಳೆದ ಒಂದು ದತ್ತಾಂಶ ಇದೆ. ಹೊರಬಂದದ್ದು 2013ರಲ್ಲಿ, ಜಗತ್ತಿನಲ್ಲೆಲ್ಲ ಬಳಸಿದರು. ಇಂಟೆಲ್ ಮಿದುಳಿನ ಮಾದರಿಯಲ್ಲಿ ಮಾಡಿದ ತನ್ನ ಲೋಯಿಹಿ ಚಿಪ್ ವಾಸನೆ ಕಲಿಯಿತು ಅಂತ 2020ರಲ್ಲಿ ಸುದ್ದಿ ಮಾಡಿತಲ್ಲ, ಅದೂ ಇದೇ ದತ್ತಾಂಶದ ಮೇಲೆ. 2022ರಲ್ಲಿ ಬೇರೆ ಸಂಶೋಧಕರು ಕೂತು ನೋಡಿದರೆ ಗ್ಯಾಸುಗಳ ಸರದಿಯನ್ನು ಕಲಸಿ ಅಳೆದಿರಲಿಲ್ಲ, ಒಂದೊಂದು ಗ್ಯಾಸನ್ನು ಒಂದೊಂದು ಅವಧಿಯಲ್ಲಿ ಗುಂಪಾಗಿ ಅಳೆದಿದ್ದರು. ಅಷ್ಟರಲ್ಲಿ ಸೆನ್ಸರ್ ಜರುಗಿತ್ತು, ಅಂದರೆ ಅದರ ರೀಡಿಂಗ್ ತಾನಾಗಿಯೇ ಬದಲಾಗಿತ್ತು. ಎಷ್ಟು ಅಂದರೆ, ಗ್ಯಾಸ್ ಬಿಡುವ ಮೊದಲಿನ ಬರೀ ಗಾಳಿಯ ರೀಡಿಂಗ್ ನೋಡಿಯೇ ಮುಂದೆ ಯಾವ ಗ್ಯಾಸ್ ಬರುತ್ತದೆ ಅಂತ ಹೇಳಬಹುದಿತ್ತು.

ಈ ಪರೀಕ್ಷೆಯನ್ನು ನಿಮ್ಮ ಹುಡುಗನೂ ಮಾಡಲೇಬೇಕು. ಮೀನು ಇಡುವ ಮೊದಲಿನ ಅರ್ಧ ನಿಮಿಷದ ಖಾಲಿ ಗಾಳಿಯ ರೀಡಿಂಗ್ ಮಾತ್ರ ಮಾಡೆಲ್‌ಗೆ ಕೊಡಲಿ. ಆಗಲೂ ತಾಜಾ, ಹಾಳು ಅಂತ ಸರಿಯಾಗಿ ಹೇಳಿದರೆ ಅದು ಕಲಿತದ್ದು ಮೀನನ್ನಲ್ಲ. ಖರ್ಚಿಲ್ಲದ ಕೆಲಸ, ಒಂದು ಸಂಜೆಯಲ್ಲಿ ಆಗುತ್ತದೆ.

ಸೆನ್ಸರ್ ಜರುಗುವುದು ಅಂದೆನಲ್ಲ, ಅದನ್ನು ನಾವು ಡ್ರಿಫ್ಟ್ ಅನ್ನುತ್ತೇವೆ. ಅದೇ ಸ್ಯಾನ್ ಡಿಯಾಗೋದವರು 16 ಸೆನ್ಸರ್ ಇಟ್ಟು, 36 ತಿಂಗಳು ಆರು ಗ್ಯಾಸ್ ಅಳೆದು, 13,910 ಅಳತೆಗಳನ್ನು 2012ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ. ಪುಕ್ಕಟೆ ಸಿಗುತ್ತದೆ. ಮೊದಲ ತಿಂಗಳುಗಳಲ್ಲಿ ಕಲಿಸಿದ ಮಾಡೆಲ್ ಕೊನೆಯ ತಿಂಗಳುಗಳಲ್ಲಿ ಹೇಗೆ ಎಡವುತ್ತದೆ ಅಂತ ಕೂತಲ್ಲೇ ನೋಡಬಹುದು. ಮಷೀನ್ ಲರ್ನಿಂಗ್ ನಿಜಕ್ಕೂ ಬೇಕಾಗುವುದು ಇಂಥಲ್ಲಿ. ರ್‍ಯಾಂಡಮ್ ಫಾರೆಸ್ಟ್ ಹಾಕಿದೆಯಾ, ನ್ಯೂರಲ್ ನೆಟ್‌ವರ್ಕ್ ಹಾಕಿದೆಯಾ, ಅಂದರೆ ಯಾವ ಬಗೆಯ ಮಾಡೆಲ್ ಅನ್ನುವುದು ನನ್ನ ಪ್ರಕಾರ ಕೊನೆಯ ಪ್ರಶ್ನೆ.

ಇಷ್ಟೆಲ್ಲ ಸರಿಯಾದ ಮೇಲೂ ಮೀನಿನದ್ದೇ ಒಂದು ತಕರಾರು ಇದೆ. ಕಡಲ ಮೀನಿನ ಮೈಯಲ್ಲಿ ಟ್ರೈಮಿಥೈಲಮೀನ್ ಆಕ್ಸೈಡ್ ಅಂತ ಒಂದು ವಸ್ತು ಇರುತ್ತದೆ, ಅದಕ್ಕೆ ವಾಸನೆ ಇಲ್ಲ. ಬ್ಯಾಕ್ಟೀರಿಯಾ ಅದನ್ನು ಟ್ರೈಮಿಥೈಲಮೀನ್ ಮಾಡುತ್ತವೆ. ನಾವು ಮೀನು ನಾರುತ್ತದೆ ಅನ್ನುವುದು ಹೆಚ್ಚಾಗಿ ಇದಕ್ಕೇ. ನಮ್ಮ ಮೂಗು ಇದನ್ನು ನೂರು ಕೋಟಿಯಲ್ಲಿ ಒಂದೆರಡು ಪಾಲು ಇದ್ದರೂ ಹಿಡಿಯುತ್ತದೆ. ಎಂಕ್ಯೂ-135 ಅಮೋನಿಯಾವನ್ನು ಅಳೆಯಲು ಶುರುಮಾಡುವುದೇ 10 ಪಿಪಿಎಂನಿಂದ, ಅಂದರೆ ಹತ್ತು ಲಕ್ಷದಲ್ಲಿ ಹತ್ತು ಪಾಲು. ಗ್ಯಾಸ್ ಬೇರೆ, ಒಪ್ಪಿದೆ, ಆದರೂ ಅಂತರ ಸಾವಿರಗಟ್ಟಲೆ. ಮೇಲಿಂದ ಆ ಟ್ರೈಮಿಥೈಲಮೀನ್ ಗಾಳಿಗೆ ಬರುವುದೂ ಸ್ವಲ್ಪವೇ. ಅದು ಕ್ಷಾರ, ಮೀನಿನ ಮಾಂಸ ಸ್ವಲ್ಪ ಹುಳಿ, ಹಾಗಾಗಿ ಹೆಚ್ಚಿನ ಪಾಲು ಉಪ್ಪಿನ ರೂಪದಲ್ಲಿ ಮಾಂಸದಲ್ಲೇ ಉಳಿಯುತ್ತದೆ. ಮೀನಿಗೆ ಲಿಂಬೆ ಹಿಂಡಿ ತೊಳೆದರೆ ವಾಸನೆ ಹೋಗುವುದು ಇದೇ ಲೆಕ್ಕದಲ್ಲಿ. ಐಸಿನ ತಂಪು ಬೇರೆ ಅದನ್ನು ಇನ್ನಷ್ಟು ಹಿಡಿದಿಡುತ್ತದೆ.

ಇನ್ನೂ ಒಂದು. ಐಸಿನಲ್ಲಿಟ್ಟ ಮೀನಿನಲ್ಲಿ ಮೊದಲ ಕೆಲವು ದಿನ ಆಗುವ ಬದಲಾವಣೆ ಮೀನಿನದ್ದೇ ಕಿಣ್ವಗಳಿಂದ, ಬ್ಯಾಕ್ಟೀರಿಯಾದಿಂದ ಅಲ್ಲ. ಆಗ ಟ್ರೈಮಿಥೈಲಮೀನ್ ಏರುವುದು ತೀರಾ ಕಡಿಮೆ. ನಿಮಗೆ ವ್ಯಾಪಾರದಲ್ಲಿ ಬೇಕಾದದ್ದು ಒಂದು ದಿನದ ಬಂಗುಡೆಗೂ ಮೂರು ದಿನದ ಬಂಗುಡೆಗೂ ಇರುವ ವ್ಯತ್ಯಾಸ ತಾನೇ? ಈ ಮೂಗು ಅಲ್ಲಿಯೇ ಕುರುಡು. ಪೂರ್ತಿ ಹಾಳಾದದ್ದನ್ನು ಹೇಳುತ್ತದೆ, ಅದಕ್ಕೆ ನಿಮಗೆ ಯಂತ್ರ ಯಾಕೆ? ಕಿವಿರು ಎತ್ತಿ ಬಣ್ಣ ನೋಡಿ, ಹೊಟ್ಟೆ ಒತ್ತಿ ನೋಡಿ ಬೆಲೆ ಕಟ್ಟುವ ಮೀನುಗಾರ ಹೆಂಗಸರು ಸದ್ಯಕ್ಕೆ ಯಾವ ಸೆನ್ಸರಿಗಿಂತಲೂ ಮುಂದೆ ಇದ್ದಾರೆ.

ಬಂಗುಡೆ ಅಂದಿದ್ದೀರಿ, ಹಾಗಾಗಿ ಹಿಸ್ಟಮಿನ್ ವಿಷಯ ಹೇಳದಿದ್ದರೆ ಆಗುವುದಿಲ್ಲ. ಬಂಗುಡೆ, ಬೂತಾಯಿ, ಟ್ಯೂನಾ ಇಂಥ ಮೀನುಗಳು ದೋಣಿಯಲ್ಲಿ ಐಸ್ ಇಲ್ಲದೆ ಬಿಸಿಲಲ್ಲಿ ಬಿದ್ದರೆ ಅವುಗಳಲ್ಲಿ ಹಿಸ್ಟಮಿನ್ ಬೆಳೆಯುತ್ತದೆ. ತಿಂದವರಿಗೆ ಮುಖ ಕೆಂಪಾಗಿ, ತುರಿಕೆ, ತಲೆನೋವು ಬರುತ್ತದೆ, ಅಲರ್ಜಿ ಅಂತ ಸುಮ್ನೆ ಬಿಡುತ್ತಾರೆ. ಅಂತರರಾಷ್ಟ್ರೀಯ ಆಹಾರ ಮಾನದಂಡ ಹಾಕುವ ಕೊಡೆಕ್ಸ್ ಇಟ್ಟ ಮಿತಿ ಕಿಲೋಗೆ 200 ಮಿಲಿಗ್ರಾಂ. ಹುರಿದರೂ ಬೇಯಿಸಿದರೂ ಅದು ಹೋಗುವುದಿಲ್ಲ. ಮುಖ್ಯವಾಗಿ, ಅದಕ್ಕೆ ವಾಸನೆಯೇ ಇಲ್ಲ. ಆಮೇಲೆ ಚೆನ್ನಾಗಿ ಐಸ್ ಹಾಕಿದ್ದರೆ ಮೂಗಿಗೂ ಯಂತ್ರಕ್ಕೂ ಆ ಮೀನು ತಾಜಾ. ಆದ್ದರಿಂದ ತಾಜಾ ಅಂತ ಹಸಿರು ದೀಪ ಹತ್ತುವ ಡಬ್ಬಿಯನ್ನು ಗಿರಾಕಿಗಳ ಮುಂದೆ ಇಡಬೇಡಿ. ಯಾರಾದರೂ ಹುಷಾರು ತಪ್ಪಿದರೆ ಆ ದೀಪದ ಹೊಣೆ ನಿಮ್ಮದಾಗುತ್ತದೆ.

ಫಾರ್ಮಲಿನ್ ಪ್ರಶ್ನೆಗೆ ಉತ್ತರ ಇನ್ನೂ ವಿಚಿತ್ರ. ಫಾರ್ಮಲಿನ್ ಅಂದರೆ ನೀರಿನಲ್ಲಿ ಕರಗಿಸಿದ ಫಾರ್ಮಾಲ್ಡಿಹೈಡ್, ಅದು ಮೀನಿನ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ, ಗಾಳಿಗೆ ಬರುವುದು ಕಡಿಮೆ. ಜೊತೆಗೆ ಅದು ಬ್ಯಾಕ್ಟೀರಿಯಾ ಕೊಲ್ಲುವುದರಿಂದ ಟ್ರೈಮಿಥೈಲಮೀನ್ ಬರುವುದಿಲ್ಲ. ಅಂದರೆ ಫಾರ್ಮಲಿನ್ ಹಾಕಿದ ಹಳೆ ಮೀನನ್ನು ನಿಮ್ಮ ಡಬ್ಬಿಯ ಮೂಗು ತಾಜಾ ಅಂತ ಹೊಗಳುವ ಸಾಧ್ಯತೆಯೇ ಜಾಸ್ತಿ! 2018ರಲ್ಲಿ ಕೇರಳ, ಗೋವಾದಲ್ಲಿ ಈ ಗಲಾಟೆ ಎದ್ದಾಗ ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯವರು ಮಾಡಿದ ಕಾಗದದ ಪಟ್ಟಿಯ ಕಿಟ್ ಬಳಕೆಗೆ ಬಂತು. ಮೀನಿನ ಮೇಲೆ ಉಜ್ಜಿ, ದ್ರಾವಣದ ಹನಿ ಹಾಕಿದರೆ ಕೆಲವು ನಿಮಿಷದಲ್ಲಿ ಬಣ್ಣ ತೋರಿಸುತ್ತದೆ. ಫಾರ್ಮಲಿನ್‌ಗೆ ಒಂದು, ಅಮೋನಿಯಾಕ್ಕೆ ಒಂದು. ಆ ಅನುಮಾನಕ್ಕೆ ಇಂಥ ರಾಸಾಯನಿಕ ಪರೀಕ್ಷೆಯೇ ಸರಿ.

ಹಾಗಾದರೆ ಎಲೆಕ್ಟ್ರಾನಿಕ್ ಮೂಗು ಎಲ್ಲೂ ನಡೆಯುವುದಿಲ್ಲವೇ? ನಡೆಯುತ್ತದೆ. ಕೋಲ್ಕತ್ತದಲ್ಲಿ ಕೇಂದ್ರ ಸರ್ಕಾರದ ಕಂಪ್ಯೂಟಿಂಗ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್‌ನವರು ಚಹಾಕ್ಕೆ ಮಾಡಿದ್ದಾರೆ, ಎಲೆ ಹುದುಗುವಾಗ ಪರಿಮಳ ಯಾವ ಹಂತಕ್ಕೆ ಬಂತು ಅಂತ ನೋಡುವುದಕ್ಕೆ. ನಾಸಾದ ಜೆಪಿಎಲ್ ಪ್ರಯೋಗಾಲಯ ಮಾಡಿದ ಮೂಗು 1998ರಲ್ಲಿ ಬಾಹ್ಯಾಕಾಶ ನೌಕೆಯಲ್ಲೇ ಹೋಗಿಬಂತು, ಕ್ಯಾಬಿನ್ ಗಾಳಿ ಕೆಟ್ಟಿತಾ ಅಂತ ನೋಡಲು. ಗಮನಿಸಿ, ಎರಡೂ ಕಡೆ ಜಾಗ ಒಂದೇ, ವಸ್ತು ಒಂದೇ, ಕೇಳುವ ಪ್ರಶ್ನೆ ಸಣ್ಣದು. ಮೀನು ಮಾರುಕಟ್ಟೆ ಅದಕ್ಕೆ ತದ್ವಿರುದ್ಧ. ಇವತ್ತು ಬಂಗುಡೆ, ನಾಳೆ ಅಂಜಲ್, ನಾಡಿದ್ದು ಸಿಗಡಿ. ಜೂನ್, ಜುಲೈ ನಿಷೇಧದಲ್ಲಿ ಎಲ್ಲಿಂದಲೋ ಐಸಿನಲ್ಲಿ ಬಂದ ಮೀನು.

ಹುಡುಗನಿಗೆ ಮುಂದುವರಿಯುವ ಆಸೆ ಇದ್ದರೆ ನನ್ನ ಸಲಹೆ, ಬಂಗುಡೆ ಒಂದನ್ನೇ ಹಿಡಿಯಲಿ. ಒಂದೇ ದಿನ ತಾಜಾ, ಎರಡು ದಿನದ್ದು, ನಾಲ್ಕು ದಿನದ್ದು ಮೂರೂ ಕೈಯಲ್ಲಿರುವಂತೆ ಮೀನು ಕೂಡಿಟ್ಟು, ಚೀಟಿ ಎತ್ತಿ ಆ ಕ್ರಮದಲ್ಲಿ ಅಳೆಯಲಿ. ಪ್ರತಿ ಮೀನಿಗೂ ಮೊದಲು ಖಾಲಿ ಗಾಳಿ, ಪ್ರತಿ ಸಾಲಿನಲ್ಲೂ ತೇವಾಂಶ ಮತ್ತು ಉಷ್ಣತೆ, ಮೀನಿನ ನಂಬರ್, ತಾರೀಕು. ದಿನಕ್ಕೊಮ್ಮೆ ಒಂದೇ ಅಳತೆಯ ತೆಳು ಅಮೋನಿಯಾ ನೀರಿನ ವಾಸನೆ ತೋರಿಸಿ ಸೆನ್ಸರ್ ಎಷ್ಟು ಜರುಗಿತು ಅಂತ ಬರೆದಿಡಲಿ. ಮತ್ತೆ, ತಾಜಾ ಅಂತ ಹೇಳಿದ್ದು ಯಾರು? ದಿನ ಎಣಿಸಿ ಹೆಸರು ಕೊಟ್ಟರೆ ಸಾಲದು. ಮೀನಿನ ಒಟ್ಟು ಆವಿಶೀಲ ಸಾರಜನಕವನ್ನು (ಹಾಳಾಗುವಾಗ ಹುಟ್ಟುವ ಅಮೋನಿಯಾ, ಟ್ರೈಮಿಥೈಲಮೀನ್ ಥರದ್ದರ ಮೊತ್ತ) ಲ್ಯಾಬಿನಲ್ಲಿ ಅಳೆದ ಅಂಕಿ ಬೇಕು. ಮಂಗಳೂರು ಎಕ್ಕೂರಿನ ಮೀನುಗಾರಿಕೆ ಕಾಲೇಜು 1969ರಿಂದ ಇರುವುದು, ದೇಶದ ಮೊದಲನೆಯದು. ಅಲ್ಲಿ ವಿಚಾರಿಸಿ ನೋಡಲಿ, ಕಾಲೇಜಿನ ಪತ್ರ ಹಿಡಿದುಕೊಂಡು ಹೋಗಲಿ. ಬಾಷ್‌ನ ಬಿಎಂಇ688 ಥರದ ಸೆನ್ಸರ್ ಆಮೇಲೆ ತರಬಹುದು. ಒಂದೇ ಚಿಪ್ಪಿನಲ್ಲಿ ತೇವಾಂಶವೂ ಸಿಗುತ್ತದೆ, ಹೀಟರನ್ನು ಬೇರೆ ಬೇರೆ ಉಷ್ಣತೆಗೆ ಕುಣಿಸಬಹುದು, ಅನುಕೂಲವೇ. ಆದರೆ ಅಳೆಯುವ ಕ್ರಮ ಹೀಗೇ ಇದ್ದರೆ ಅದೂ ದಿನವನ್ನೇ ಕಲಿಯುತ್ತದೆ.

ಮಾರುವ ವಸ್ತುವೇ ಬೇಕು ಅಂದರೆ ನಾನು ಬೇರೆ ಕಡೆ ನೋಡುತ್ತೇನೆ. ಕರಾವಳಿಯ ಐಸ್ ಪ್ಲಾಂಟ್‌ಗಳಲ್ಲಿ ತಂಪು ಮಾಡುವುದಕ್ಕೆ ಅಮೋನಿಯಾವನ್ನೇ ಬಳಸುತ್ತಾರೆ. ಅಲ್ಲಿ ಕೇಳುವ ಪ್ರಶ್ನೆ ಒಂದೇ: ಸೋರುತ್ತಿದೆಯಾ? ಗ್ಯಾಸ್ ಒಂದೇ, ಪ್ರಮಾಣವೂ ಅಳೆಯುವಷ್ಟು ಇರುತ್ತದೆ. ಕೆಲಸದ ಜಾಗದಲ್ಲಿ ದಿನವಿಡೀ ಉಸಿರಾಡಲು ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ನಯಾಶ್ ಸೂಚಿಸಿದ ಮಿತಿ 25 ಪಿಪಿಎಂ, 300 ಜೀವಕ್ಕೇ ಅಪಾಯ. ಅಲ್ಲಿಗೆ ಎಂಕ್ಯೂ ಬೇಡ, ಎಲೆಕ್ಟ್ರೋಕೆಮಿಕಲ್ ಸೆಲ್ ಅನ್ನುವ ಬೇರೆ ಬಗೆಯ ಗ್ಯಾಸ್ ಸೆನ್ಸರ್ ಹಾಕಲಿ, ಬೆಲೆ ಜಾಸ್ತಿ ಆದರೂ ಅಗರಬತ್ತಿ ಹೊಗೆಗೆಲ್ಲ ಸುಲಭಕ್ಕೆ ಮೋಸಹೋಗುವುದಿಲ್ಲ. ಸರ್ಟಿಫಿಕೇಟ್ ಇಲ್ಲದೆ ಸುರಕ್ಷತಾ ಅಲಾರಂ ಅಂತ ಮಾರುವ ಹಾಗಿಲ್ಲ, ಈಗಿರುವ ಅಲಾರಂ ಪಕ್ಕದಲ್ಲಿಟ್ಟು ದಿನವಿಡೀ ದಾಖಲೆ ಮಾಡುವ ಸಾಧನ ಅಂತ ಶುರುಮಾಡಬಹುದು.

ಅಲ್ಲಿಯವರೆಗೆ ಖರ್ಚು ಅಂದರೆ ಒಂದು ಪವರ್ ಸಪ್ಲೈ, ನಾಲ್ಕಾರು ರೆಸಿಸ್ಟರ್, ಗಾಜಿನ ಭರಣಿ ಮತ್ತು ಒಂದಷ್ಟು ಬಂಗುಡೆ. ಒದ್ದೆ ಬಟ್ಟೆಯದ್ದು, ಖಾಲಿ ಗಾಳಿಯದ್ದು, ಎರಡೂ ಪರೀಕ್ಷೆ ಮುಗಿದ ಮೇಲೆ ಅವನ ಅಳತೆಗಳ ಸಿಎಸ್‌ವಿ ಫೈಲ್ ಕಳಿಸಲು ಹೇಳಿ. ಗ್ರಾಫಿನ ಫೋಟೋ ಬೇಡ, ಮೀನಿನ ನಂಬರ್ ಮತ್ತು ತಾರೀಕು ಇರುವ ಪೂರ್ತಿ ಫೈಲ್.